ದಾರಿಯಲ್ಲಿದ್ದ ಮುಡಿಪು

“ತಾಯಿ, ಕೊಡುವವರು ಏನೋ ಒಂದು ತಿಳಿದುಕೊಂಡು ಕೊಡುತ್ತಾರೆ. ಪಡೆಯುವವನು ಅವರ ತಿಳಿವಳಿಕೆಯನ್ನು ತಿದ್ದದೆ ಪಡೆಯುತ್ತಾನೆ. ಅವನು ಸುಳ್ಳು ಹೇಳಿಲ್ಲ, ಸುಮ್ಮನಿದ್ದಾನೆ ಅಷ್ಟೆ. ಇದು ಮೋಸವೇ?”

ವೈದ್ಯಕೀಯ ಓದುತ್ತಿದ್ದ ಶಿಷ್ಯನೊಬ್ಬ ಗುರುತಾಯಿಯನ್ನು ಹೀಗೆ ಕೇಳಿದ.

ಗುರುತಾಯಿ ಹೇಳಿದರು: “ಮೋಸ ಅಂದರೂ ನೀನು ಎದ್ದು ಹೋಗುತ್ತೀಯೆ, ಅಲ್ಲ ಅಂದರೂ ಎದ್ದು ಹೋಗುತ್ತೀಯೆ. ಕತೆ ಹೇಳಿದರೆ ಮುಗಿಯುವ ತನಕವಾದರೂ ಕೂತಿರುತ್ತೀಯೆ. ಕೇಳು.”

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಅವನ ಮಗಳು ವೈದ್ಯಳಾಗಲು ಓದುತ್ತಿದ್ದಳು. ಅವಳ ಕಾಲೇಜಿನವರು ಹತ್ತು ವಿದ್ಯಾರ್ಥಿಗಳನ್ನು ಸಮುದ್ರದಾಚೆಯ ಒಂದು ದೇಶಕ್ಕೆ ಒಂದು ತಿಂಗಳ ಸೇವೆಗೆ ಕಳಿಸಲು ತೀರ್ಮಾನಿಸಿದರು. ಅಲ್ಲಿ ರೋಗಿಗಳು ಹೆಚ್ಚು, ವೈದ್ಯರು ಕಡಿಮೆ. ಸೇವೆಗೆ ಸಂಬಳವಿಲ್ಲ. ವಿಮಾನದ ಖರ್ಚನ್ನೂ ಹೋಗುವವರೇ ಹೊಂದಿಸಿಕೊಳ್ಳಬೇಕು. ಒಂಬತ್ತು ಮಂದಿಯ ಅಪ್ಪಂದಿರು ಹೊಂದಿಸಿದರು. ದರ್ಜಿಯ ಕೈಯಲ್ಲಿ ಆಗಲಿಲ್ಲ.

ಮಗಳು ಒಂದು ಕರಪತ್ರ ಮಾಡಿಸಿದಳು. ಅದರ ಮೇಲಿನ ಅರ್ಧದಲ್ಲಿ ಆ ದೇಶದ ರೋಗಿಗಳ ಕಷ್ಟವೂ ತಾನು ಅಲ್ಲಿಗೆ ಹೋಗುತ್ತಿರುವುದಾಗಿಯೂ ನೆರವು ಬೇಕೆಂದೂ ಬರೆದಿತ್ತು. ಕೆಳಗಿನ ಅರ್ಧದಲ್ಲಿ ಆ ನೆರವು ತನ್ನ ಪ್ರಯಾಣದ ಖರ್ಚಿಗೆ ಎಂದು ಬರೆದಿತ್ತು. ಒಂದು ಮಾತೂ ಸುಳ್ಳಲ್ಲ. ಅದನ್ನು ತನ್ನ ಬೀದಿಯ ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸಿದಳು.

ರಾಗಿ ಬೀಸಿಸಲು ಕಾಯುತ್ತಿದ್ದ ಹೆಂಗಸರು ಅದೇನು ಕಾಗದವೆಂದು ಕೇಳಿದರು. ಗಿರಣಿಯವನು ಓದಿ ಹೇಳತೊಡಗಿದ. ಮೇಲಿನ ಅರ್ಧ ಮುಗಿಯುವಷ್ಟರಲ್ಲಿ ಒಬ್ಬಳ ರಾಗಿ ಬೀಸಿ ಆಯಿತು. ಹಿಟ್ಟು ತುಂಬಲು ಹೋದವನು ಮತ್ತೆ ಕಾಗದದತ್ತ ಬರಲಿಲ್ಲ. ಕೇಳಿದಷ್ಟೇ ಎಲ್ಲ ಎಂದು ಹೆಂಗಸರು ತಿಳಿದರು. ದರ್ಜಿಯ ಮಗಳು ದೂರದ ರೋಗಿಗಳ ಬಳಿಗೆ ಹೋಗುತ್ತಿದ್ದಾಳೆ, ಅವರಿಗೆ ಕೊಡಲು ಹಣ ಕೂಡಿಸುತ್ತಿದ್ದಾಳೆ.

ದೂರ ಹೋಗುವವರ ಕೈಯಲ್ಲಿ ಹಣ ಕಳಿಸುವ ರೀತಿ ಆ ಬೀದಿಯವರಿಗೆ ಒಂದೇ ಗೊತ್ತಿತ್ತು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಿದ್ದರೆ ಹಣವನ್ನು ಅವರ ತಲೆಯ ಸುತ್ತ ನಿವಾಳಿಸುತ್ತಿದ್ದರು. ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದರು. ಬೆಟ್ಟದ ದೇವರಿಗೆ ಹೊರಟವರ ಕೈಗೆ ಆ ಮುಡಿಪನ್ನು ಕೊಡುತ್ತಿದ್ದರು. ಹೊತ್ತು ಹೋಗುವವರು ತಮ್ಮ ಖರ್ಚಿನಲ್ಲಿ ಹೋಗಬೇಕು. ಗಂಟನ್ನು ದಾರಿಯಲ್ಲಿ ಬಿಚ್ಚುವಂತಿಲ್ಲ. ನರಳುವವರಿಗೆ ಮುಟ್ಟಿಸಿದರೂ ದೇವರಿಗೆ ಮುಟ್ಟಿದ ಹಾಗೆಯೇ ಎಂದು ಗಿರಣಿಯಲ್ಲಿ ಒಬ್ಬಳು ಹೇಳಿದಳು. ಉಳಿದವರು ಹೌದೆಂದರು.

ಮೊದಲು ಬಂದವಳು ಇಸ್ತ್ರಿ ಅಂಗಡಿಯ ಹೆಂಗಸು. ಅವಳ ಏಳು ವರ್ಷದ ಮಗಳಿಗೆ ಮೂರ್ಛೆರೋಗವಿತ್ತು.

“ತಗೋಮ್ಮ. ನನ್ನ ಮಗಳ ತಲೆ ಸುತ್ತ ನಿವಾಳಿಸಿ ಕಟ್ಟಿದೀನಿ. ಅಲ್ಲಿ ಇಂಥದೇ ಒಂದು ಮಗು ನರಳ್ತಿರುತ್ತಲ್ಲ, ಅದರ ಕೈಗೆ ಮುಟ್ಟಿಸು.”

ದರ್ಜಿಯ ಮಗಳು ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವಳು. ಹಳದಿ ಬಟ್ಟೆ ಕಂಡ ಕೂಡಲೇ ಅವಳಿಗೆ ಎಲ್ಲ ಅರ್ಥವಾಯಿತು. ಹೇಳಲು ಬಾಯಿ ತೆರೆದಳು. ಇಸ್ತ್ರಿಯವಳ ಹಿಂದೆ ಇನ್ನೂ ನಾಲ್ಕು ಮಂದಿ ಗಂಟು ಹಿಡಿದು ನಿಂತಿದ್ದರು. ಟಿಕೆಟಿನ ಹಣ ಕಟ್ಟಲು ಆ ವಾರವೇ ಕೊನೆ. ಅವಳು ಬಾಯಿ ಮುಚ್ಚಿದಳು. ಕಾಗದದಲ್ಲಿ ಎಲ್ಲವನ್ನೂ ಬರೆದಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಂಡಳು. ಗಂಟುಗಳನ್ನು ಒಳಗೆ ಒಯ್ದು ಬಿಚ್ಚಿದಳು. ಹಳದಿ ಬಟ್ಟೆಗಳನ್ನು ಅಪ್ಪನ ಚಿಂದಿ ಚೀಲದ ತಳಕ್ಕೆ ತುರುಕಿದಳು. ವಾರವೆಲ್ಲ ಬಂದ ಗಂಟುಗಳಿಗೂ ಹಾಗೆಯೇ ಮಾಡಿದಳು. ಟಿಕೆಟು ಬಂತು. ಹೊರಡಲು ಇನ್ನೂ ಒಂದೂವರೆ ತಿಂಗಳಿತ್ತು.

ನಾಲ್ಕು ದಿನ ಕಳೆಯಿತು. ಇಸ್ತ್ರಿಯವಳ ಮಗು ದರ್ಜಿ ಅಂಗಡಿಯ ಮುಂದೆಯೇ ಮೂರ್ಛೆ ಬಂದು ಬಿದ್ದಿತು. ಜನ ಸೇರಿದರು. ಯಾರೋ ಮಗುವಿನ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸಲು ಬಂದರು. ದರ್ಜಿಯ ಮಗಳು ಅವರನ್ನು ಆಚೆಗೆ ತಳ್ಳಿದಳು. ಮಗುವನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಬಟ್ಟೆಯಿಟ್ಟು, ಸೆಳೆತ ನಿಲ್ಲುವ ತನಕ ಪಕ್ಕದಲ್ಲೇ ಕೂತಳು.

“ಮಾತ್ರೆ ಕೊಡ್ತಿಲ್ವಾ ಅಕ್ಕ?” ಎಂದು ಓಡಿ ಬಂದ ಇಸ್ತ್ರಿಯವಳನ್ನು ಕೇಳಿದಳು.

“ಇದೇನಮ್ಮ ಹಿಂಗೆ ಕೇಳ್ತೀಯ? ಮುಡಿಪು ನಿನ್ನ ಹತ್ರಾನೇ ಕೂತಿದೆ. ಅದು ಮುಟ್ಟೋ ತನಕ ನಾನು ಹೆಂಗೆ ಕೊಡಲಿ?”

ಆ ಬೀದಿಯಲ್ಲಿ ಹಾಗೊಂದು ಕಟ್ಟಳೆ ಇತ್ತು. ಮುಡಿಪು ಮನೆ ಬಿಟ್ಟ ಮೇಲೆ, ಅದು ಮುಟ್ಟಬೇಕಾದಲ್ಲಿಗೆ ಮುಟ್ಟುವ ತನಕ, ಕಾಯಿಲೆಗೆ ಬೇರೇನೂ ಮಾಡುವಂತಿಲ್ಲ. ಮಾಡಿದರೆ ದೇವರ ಮೇಲೆ ಅನುಮಾನಪಟ್ಟ ಹಾಗೆ. ಬೆಟ್ಟ ಒಂದು ದಿನದ ದಾರಿ. ಅದರಿಂದ ಯಾರಿಗೂ ಹೆಚ್ಚಿನ ತೊಂದರೆ ಆಗಿರಲಿಲ್ಲ. ಕಾಯಿಲೆಯಿಲ್ಲದ ಮನೆಯಲ್ಲಿ ಬೆಳೆದ ದರ್ಜಿಯ ಮಗಳಿಗೆ ಈ ಕಟ್ಟಳೆ ಗೊತ್ತೇ ಇರಲಿಲ್ಲ.

“ಈ ಮಾತ್ರೆ ನಿಲ್ಲಿಸಬಾರದು ಅಕ್ಕ. ನಾನು ಓದ್ತಿರೋದೇ ಇದನ್ನ.”

“ನೀನು ಓದ್ತಿರೋದು ಕಾಯಿಲೆ. ಇದು ಹರಕೆ. ಇದರಲ್ಲಿ ನೀನಿನ್ನೂ ಒಂದನೇ ಕ್ಲಾಸು.”

ಗಂಟನ್ನು ಬಿಚ್ಚಿಬಿಟ್ಟೆ ಎಂದು ಹೇಳಿದರೆ ಇವಳು ಮಾತ್ರೆ ಕೊಡುತ್ತಾಳೋ, ಹೆದರಿ ಇನ್ನೇನು ಮಾಡಿಕೊಳ್ಳುತ್ತಾಳೋ ಅವಳಿಗೆ ತಿಳಿಯಲಿಲ್ಲ. ತನ್ನ ಪ್ರಯಾಣವಂತೂ ಅಲ್ಲಿಗೆ ಮುಗಿಯಿತು. ಮಗು ಇನ್ನೂ ನೆಲದ ಮೇಲಿತ್ತು.

“ಮುಟ್ಟಿತು ಅಕ್ಕ. ನಿನ್ನೇನೇ ಮುಟ್ಟಿತು.”

“ನೀನು ಇಲ್ಲೇ ಇದೀಯ?”

“ಬ್ಯಾಂಕಿನಿಂದ ಕಳಿಸಿದೆ. ಈಗೆಲ್ಲ ಹಂಗೇ.”

“ಬಟ್ಟೆ ಸಮೇತ?”

“ಬಟ್ಟೆ ಸಮೇತ.”

“ಬ್ಯಾಂಕಿನವರು ಬಟ್ಟೆ ತಗೊಂಡ್ರಾ?”

“ತಗೊಂಡ್ರು.”

“ನಾನು ಹೋದರೆ ಸಹಿ ಸರಿಯಿಲ್ಲ ಅಂತ ಮೂರು ಸಲ ಓಡಾಡಿಸ್ತಾರೆ. ನಿನ್ನ ಹತ್ರ ಅರಿಶಿನದ ಬಟ್ಟೆ ತಗೊಂಡ್ರಾ. ಓದಿದೋರ ಮರ್ಯಾದೆಯೇ ಬೇರೆ ಬಿಡು” ಎಂದಳು ಇಸ್ತ್ರಿಯವಳು. ಮನೆಗೆ ಹೋಗಿ ಮಗುವಿಗೆ ಮಾತ್ರೆ ಕೊಟ್ಟಳು. ದಿನವೂ ಕೊಟ್ಟಳು. ಎರಡು ವಾರ ಕಳೆದರೂ ಮೂರ್ಛೆ ಬರಲಿಲ್ಲ.

ಇಲ್ಲಿಗೆ ಶಿಷ್ಯನ ಮುಖ ಸ್ವಲ್ಪ ಅರಳಿತು. “ಒಳ್ಳೆಯದೇ ಆಯಿತಲ್ಲ ತಾಯಿ” ಎಂದ.

“ಆಯಿತು. ಅದರಿಂದಲೇ ತೊಂದರೆ ಶುರುವಾಯಿತು” ಎಂದರು ಗುರುತಾಯಿ.

ಮುಡಿಪು ಮುಟ್ಟಿದ್ದರಿಂದಲೇ ಮಗು ಗುಣವಾಯಿತು ಎಂದು ಬೀದಿಯಲ್ಲೆಲ್ಲ ಸುದ್ದಿಯಾಯಿತು. ಗಿರಣಿಯವನಿಗೆ ಸಕ್ಕರೆ ಕಾಯಿಲೆಯಿತ್ತು. ಕಾಲಿನ ಬೆರಳಿನಲ್ಲಿ ಒಂದು ಹುಣ್ಣಾಗಿ ಮಾಯುತ್ತಿರಲಿಲ್ಲ. ಅವನೂ ಒಂದು ಗಂಟು ಕಟ್ಟಿ ತಂದ.

“ನಂದು ಬ್ಯಾಂಕಿನಲ್ಲಿ ಬೇಡಮ್ಮ. ನೀನೇ ಕೈಯಾರೆ ಒಯ್ದು ಕೊಡು. ಅಲ್ಲಿ ತನಕ ನಾನು ಮಾತ್ರೆ ಮುಟ್ಟಲ್ಲ.”

ಅವಳು ಗಂಟನ್ನು ತೆಗೆದುಕೊಳ್ಳಲಿಲ್ಲ. ಅವನು ಹೊಲಿಗೆ ಯಂತ್ರದ ಮೇಲೆ ಅದನ್ನಿಟ್ಟು ಹೋದ. ವಾಪಸು ಕೊಡಲು ಅವಳು ಹಿಂದೆಯೇ ಓಡಿದಳು. ಮನೆ ಬಿಟ್ಟ ಮುಡಿಪು ತಿರುಗಿ ಮನೆಗೆ ಬಂದರೆ ಕಾಯಿಲೆಯೂ ತಿರುಗಿ ಬರುತ್ತದೆ ಎಂದು ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಹಿಟ್ಟು ಮೆತ್ತಿದ ಆ ಕೈಯನ್ನು ಎಳೆದು ಕೊಡುವುದು ಅವಳಿಂದ ಆಗಲಿಲ್ಲ.

ಮರುದಿನ ಅವಳು ಗಿರಣಿಗೆ ಹೋದಳು. ಯಂತ್ರ ನಿಲ್ಲಿಸಲು ಹೇಳಿದಳು. ಕಾಯುತ್ತಿದ್ದವರೆಲ್ಲ ಕೇಳುವ ಹಾಗೆ ನಿಜ ಹೇಳಿದಳು.

“ನಿಮ್ಮ ಗಂಟು ಎಲ್ಲಿಗೂ ಮುಟ್ಟಿಲ್ಲ. ಆ ದುಡ್ಡಲ್ಲಿ ನಾನು ಟಿಕೆಟ್ ತಗೊಂಡೆ. ನೀವು ಮುಡಿಪು ಅಂತ ಕೊಡ್ತಿದೀರ ಅಂತ ನನಗೆ ಮೊದಲ ದಿನವೇ ಗೊತ್ತಾಗಿತ್ತು. ಮಗು ಹುಷಾರಾಗಿದ್ದು ಮಾತ್ರೆಯಿಂದ.”

ಇಸ್ತ್ರಿಯವಳು ನಕ್ಕಳು.

“ನೋಡ್ರೇ, ಎಷ್ಟು ವಿನಯ ಇವಳಿಗೆ. ಮಾಡಿದ್ದನ್ನೂ ಮಾಡಿಲ್ಲ ಅಂತಾಳೆ.”

ಉಳಿದವರೂ ತಲೆಯಾಡಿಸಿದರು. ದೊಡ್ಡವರ ಲಕ್ಷಣವೇ ಅದು ಎಂದರು. ದರ್ಜಿಯ ಮಗಳು ಮನೆಗೆ ಓಡಿ ಚಿಂದಿ ಚೀಲ ಹೊತ್ತು ತಂದಳು. ಗಿರಣಿಯ ನೆಲದ ಮೇಲೆ ಸುರಿದಳು. ಹಳದಿ ಬಟ್ಟೆಗಳೆಲ್ಲ ಹೊರಗೆ ಬಿದ್ದವು. ಹೆಂಗಸರು ಬಗ್ಗಿ ನೋಡಿದರು. ತಮ್ಮ ತಮ್ಮ ಹಳೆಯ ಸೀರೆಯ ಅಂಚನ್ನು ಗುರುತು ಹಿಡಿದರು. ಒಬ್ಬ ಮುದುಕಿ ತನ್ನ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡಳು.

“ದುಡ್ಡು ಅಲ್ಲೇ ಉಳಿದು ಬಟ್ಟೆ ವಾಪಸ್ಸು ಬಂದಿದೆ. ಇದಕ್ಕಿಂತ ಇನ್ನೇನು ಬೇಕು? ಇದು ಪ್ರಸಾದ ಕಣ್ರೇ.”

ಬಟ್ಟೆಗಳು ಕ್ಷಣದಲ್ಲಿ ಖಾಲಿಯಾದವು. ಮಾರನೆಯ ದಿನ ಬೀದಿಯ ಮಕ್ಕಳ ತೋಳಿನಲ್ಲೆಲ್ಲ ಹಳದಿ ಚೂರು ಇತ್ತು.

ದರ್ಜಿಯ ಮಗಳು ಹೋಗುವುದೇ ಬೇಡವೆಂದುಕೊಂಡಳು. ತಾನು ಹೋಗದಿದ್ದರೆ ಗಿರಣಿಯವನ ಗಂಟು ಮುಟ್ಟುವುದಿಲ್ಲ. ಅದು ಮುಟ್ಟದಿದ್ದರೆ ಅವನು ಮಾತ್ರೆ ಮುಟ್ಟುವುದಿಲ್ಲ. ಈಗಲೇ ಮುಟ್ಟಿತು ಎಂದು ಇನ್ನೊಂದು ಸುಳ್ಳು ಹೇಳಲು ನೋಡಿದಳು. ನೀನೇ ಕೈಯಾರೆ ಒಯ್ಯಬೇಕು ಅಂದಿದ್ದೆನಲ್ಲ, ನೀನಿನ್ನೂ ಹೋಗೇ ಇಲ್ಲವಲ್ಲ ಎಂದು ಅವನು ನಕ್ಕ. ನಿಜ ಹೇಳಿದರೆ ನಂಬಲಿಲ್ಲ. ಸುಳ್ಳು ಹೇಳಿದರೂ ನಂಬಲಿಲ್ಲ. ಬೇರೆ ದಾರಿ ಕಾಣದೆ ಹೋದಳು.

ಇಳಿದ ದಿನವೇ, ತಾನು ಕಂಡ ಮೊದಲ ರೋಗಿಯ ಕೈಗೆ ಗಿರಣಿಯವನ ಗಂಟನ್ನು ಇಟ್ಟಳು. ಅಲ್ಲಿಂದಲೇ ಫೋನು ಮಾಡಿ ಮುಟ್ಟಿತು ಎಂದಳು. ಆ ಸಲ ಅದು ನಿಜವಾಗಿತ್ತು. ಗಿರಣಿಯವನು ಅಂದೇ ಮಾತ್ರೆ ಶುರು ಮಾಡಿದ. ಅಷ್ಟರಲ್ಲಿ ಬೆರಳು ಕಪ್ಪಾಗಿತ್ತು. ಆಸ್ಪತ್ರೆಯಲ್ಲಿ ಅದನ್ನು ತೆಗೆದರು.

ಅವಳು ಅಲ್ಲಿ ಒಂದು ತಿಂಗಳು ಗಾಯ ತೊಳೆದಳು, ಜ್ವರ ನೋಡಿದಳು. ಅನೇಕರು ಅವಳಿಂದ ಗುಣವಾದರು. ಅದೂ ಸುಳ್ಳಲ್ಲ. ಅವಳು ಊರಿಗೆ ಬಂದ ದಿನ ಬೀದಿಯವರೆಲ್ಲ ಎದುರುಗೊಳ್ಳಲು ನಿಂತಿದ್ದರು. ಗಿರಣಿಯವನು ಕೋಲೂರಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದ. ಅವಳು ಅವನ ಕಾಲು ನೋಡಿದಳು. ಅವನು ಕೈ ಮುಗಿದ.

“ನಾನು ಕಟ್ಟಿದ್ದೇ ಸಣ್ಣದಾಯಿತೇನೋ ಕಣಮ್ಮ. ಮುಂದಿನ ಸಲ ದೊಡ್ಡದು ಕಟ್ತೀನಿ.”

ಗುರುತಾಯಿ ಕತೆ ನಿಲ್ಲಿಸಿದರು.

ಶಿಷ್ಯ ಕತೆಯನ್ನು ತೂಗಿ ನೋಡಿದ. ಒಂದು ಕಡೆಯಿಂದ ಹಿಡಿದರೆ ಇನ್ನೊಂದು ಕಡೆ ಜಾರುತ್ತಿತ್ತು.

“ತಾಯಿ, ಅವಳ ಸುಳ್ಳಿನಿಂದ ಮಗು ಉಳಿಯಿತು.”

“ಹೌದು.”

“ಅದೇ ಸುಳ್ಳಿನಿಂದ ಗಿರಣಿಯವನ ಬೆರಳು ಹೋಯಿತು.”

“ಹೌದು.”

“ನಿಜ ಹೇಳಿದಾಗ ಯಾರೂ ನಂಬಲಿಲ್ಲ. ಹೋಗಿದ್ದರಿಂದ ಅಲ್ಲಿ ಎಷ್ಟೋ ಜನ ಗುಣವಾದರು. ನನಗೆ ತಲೆಬುಡ ತಿಳಿಯುತ್ತಿಲ್ಲ. ಹಾಗಾದರೆ ಅವಳು ಯಾವಾಗ ಹೇಳಬೇಕಿತ್ತು?”

ಗುರುತಾಯಿ ಅವನ ಮುಖ ನೋಡಿ ಕೇಳಿದರು:

“ನಿನ್ನ ವಿಮಾನ ಯಾವತ್ತು?”