ಸಣ್ತಮ್ಮನ ತುಲಾಭಾರ

ಪಕ್ಕದೂರಲ್ಲಿ ಸಣ್ತಮ್ಮ ಅಂತ ಒಬ್ಬನಿದ್ದ. ನಮ್ಮೂರಲ್ಲಿ ಅಂಥವರೇ ಇಲ್ಲ ಅಂತ ನಾನೇನೂ ಎದೆ ತಟ್ಟಿ ಹೇಳಲ್ಲ, ಕತೆ ಮಾತ್ರ ಪಕ್ಕದೂರಿಂದು. ಹೆಸರಿಗೆ ಸಣ್ತಮ್ಮ, ಆಳು ಕಣಜದ ಹಾಗೆ. ಮೂವತ್ತು ತುಂಬಿದರೂ ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡೋನು. ಅದೇ ಅವಳ ಕರ್ಮ.

ಹಿಂದೆ ಅವನಿಗೆ ಕಾಮಾಲೆ ಬಂದು ಕಡ್ಡಿಯಾಗಿದ್ದಾಗ, ಮಗ ಉಳಿದರೆ ಅವನ ತೂಕದ ಬೆಲ್ಲ ಕೊಡ್ತೀನಿ ಅಂತ ಅವ್ವ ಕೆಂಪಾಜಮ್ಮ ಹನುಮಂತರಾಯನಿಗೆ ಹರಕೆ ಹೊತ್ತಿದ್ದಳು. ಮಗ ಉಳಿದ. ಉಳಿದವನು ತಿಂದ, ತಿಂದ, ತಿಂದ. ಅವಳು ಆಲೆಮನೇಲಿ ದುಡಿದು ಒಂದು ಮೂಟೆ ಬೆಲ್ಲ ಕೂಡಿಸೋ ಹೊತ್ತಿಗೆ ಮಗ ಎರಡು ಮೂಟೆ ಆಗಿದ್ದ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮಿಕ್ಕ ಬೆಲ್ಲ ಗೌಡರ ಹತ್ತಿರ ಕೇಳು ಅಂತ ಊರವರು ಬುದ್ಧಿ ಹೇಳಿದರು. ಕೆಂಪಾಜಮ್ಮ ಸೆರಗು ಸಿಕ್ಕಿಸಿಕೊಂಡಳು.

"ನನ್ನ ಹರಕೆಗೆ ಇನ್ನೊಬ್ಬರ ಬೆಲ್ಲ ಯಾಕೆ? ಯುಗಾದಿಯೊಳಗೆ ಮಗನನ್ನೇ ಇಳಿಸ್ತೀನಿ, ನೋಡ್ತಿರಿ."

ಊಟ ಅರ್ಧ ಮಾಡಿಸಿ, ದಿನಾ ನಡೆಸಿ ಅಂತ ಆಸ್ಪತ್ರೆಯ ನರ್ಸಮ್ಮ ಹೇಳಿದ್ದರು. ಸರಿ, ಮುದ್ದೆ ಅರ್ಧ ಮಾಡ್ಕೊಂಡು ತಿನ್ನು ಮಗ ಅಂದಳು. ಅವನು ನಾಲ್ಕು ಮುದ್ದೆಯನ್ನೂ ಅರ್ಧರ್ಧ ಮಾಡಿದ, ಎಂಟನ್ನೂ ನುಂಗಿದ. ಒಂದೂ ಇಡೀದು ತಿಂದಿಲ್ಲ ಅವ್ವ ಅಂತ ಬೀಗಿದ.

ಅವ್ವ ಹಣೆ ಹಣೆ ಚಚ್ಚಿಕೊಂಡಳು. ಅರ್ಧ ನೀನು ಇಟ್ಕೊಂಡು, ಮಿಕ್ಕರ್ಧ ಎದುರಿಗಿರೋರಿಗೆ ಕೊಡಬೇಕು ಕಣೋ ಅಂದಳು. ಆಗಲಿ ಅವ್ವ ಅಂದ.

ಮಾರನೇ ದಿನ ಕೆರೆ ಏರಿವರೆಗೂ ನಡೆದು ಬಾ ಅಂತ ಕಳಿಸಿದಳು. ಬಿಸಿಲೇರಿತು, ಮಗನ ಸುಳಿವಿಲ್ಲ. ಬಂದವನು ಎಮ್ಮೆ ಕಾಯೋ ಬೋರಯ್ಯ, ಬೆವರು ಒರೆಸಿಕೊಂಡು.

"ಕೆಂಪಾಜಮ್ಮ, ನಿನ್ನ ಮಗನ ಅರ್ಧ ನಡಿಗೆ ತಂದಿದ್ದೀನಿ, ತಗೋ. ಮಿಕ್ಕಿದ್ದು ನೀನೇ ನಡೀಲೇಬೇಕು ಅಂತ ಕಾಲು ಹಿಡ್ಕೊಂಡ. ನನ್ನ ಎಮ್ಮೆ ಅಲ್ಲೇ ಅವೆ."

ಅವ್ವ ಹೋಗಿ ನೋಡಿದರೆ ಮಗ ಏರಿ ಪಕ್ಕದ ಹೊಂಗೆ ನೆರಳಲ್ಲಿ ಹಾಯಾಗಿ ಮಲಗಿದ್ದ. ಅವ್ವ ಅವನ ಕಿವಿ ಹಿಂಡಿಕೊಂಡೇ ಮನೆಗೆ ತಂದಳು. ನಿನ್ನ ಭಾರ ಇನ್ನೊಬ್ಬರ ಮೇಲೆ ಹಾಕ್ತೀಯೇನೋ, ಎದುರಿಗೆ ಯಾರಾದರೂ ಕೈಲಾಗದೆ ಒದ್ದಾಡ್ತಿದ್ದರೆ ನೀನೇ ಹೋಗಿ ನೆರವಾಗಬೇಕು ಅಂತ ಬೈದಳು. ಆಗಲಿ ಅವ್ವ ಅಂದ.

ಅದೇ ವಾರ ನೆಂಟರ ಮನೇಲಿ ಬೀಗರೂಟ. ಪಕ್ಕದ ಎಲೆಯ ಮುದುಕಪ್ಪ ಬೋಟಿ ಮಾಂಸ ಅಗಿಯಲಾರದೆ ಒದ್ದಾಡ್ತಿದ್ದ. ಸಣ್ತಮ್ಮ ನೆರವಾದ. ಅದರಾಚೆಯವರಿಗೆ ಮುದ್ದೆ ಹೆಚ್ಚಾಗಿತ್ತು, ಅವರಿಗೂ ನೆರವಾದ. ಹೀಗೆ ಪಂಕ್ತಿ ಪೂರ್ತಿ ನೆರವಾಗುತ್ತಾ ಹೋದ. ಬಾಳೆಲೆಗಳೆಲ್ಲ ತೊಳೆದಿಟ್ಟ ಹಾಗಿದ್ದವು. ಕೆಂಪಾಜಮ್ಮನಿಗೆ ನಾಚಿಕೆಯಿಂದ ಅಳುವೇ ಬಂತು.

"ನೆರವಾಗು ಅಂದರೆ ಬಾಯಿ ಹಾಕೋದಲ್ಲ ಕಣೋ, ಗಾಡಿ ನೂಕೋ ಹಾಗೆ ಮೈಭಾರ ಹಾಕಬೇಕು."

ಆಗಲಿ ಅವ್ವ ಅಂದ.

ಯುಗಾದಿ ಬಂದೇ ಬಂತು. ಮಗ ಇಳಿಯೋ ಬದಲು ಇನ್ನಷ್ಟು ಏರಿದ್ದ. ಗುಡಿ ಮುಂದೆ ತಕ್ಕಡಿ ಕಟ್ಟಿದರು. ಒಂದು ತಟ್ಟೇಲಿ ಸಣ್ತಮ್ಮ ಕೂತ, ಅದು ನೆಲ ಕಚ್ಚಿತು. ಇನ್ನೊಂದರಲ್ಲಿ ಮೂಟೆ ಬೆಲ್ಲ ಇಟ್ಟರು. ಅದು ಮೇಲೇ ಅಲ್ಲಾಡುತ್ತಾ ನಿಂತಿತು, ಇಳಿಯಲೊಲ್ಲದು. ಹರಕೆ ತಪ್ಪಿದರೆ ದೇವರು ಕೊಟ್ಟಿದ್ದನ್ನೇ ಕಿತ್ಕೋತಾನೆ ಅಂತ ಪೂಜಾರಿ ಹೇಳಿದ. ಊರವರು ಕಿಸಕ್ಕೆಂದರು.

ಸಣ್ತಮ್ಮ ತಲೆಯೆತ್ತಿ ನೋಡಿದ. ಪಾಪ, ಬೆಲ್ಲ ಕೈಲಾಗದೆ ಒದ್ದಾಡ್ತಿದೆ. ತನ್ನ ತಟ್ಟೆಯಿಂದ ಎದ್ದ. ಬೆಲ್ಲದ ತಟ್ಟೆ ಕೆಳಗಿಳಿಯಿತು, ಅದರೊಳಗೆ ಹೋಗಿ ಬೆಲ್ಲದ ಮೂಟೆ ಮೇಲೆ ಧೊಪ್ಪನೆ ಕೂತ.

"ತೂಗ್ತು ಅವ್ವ!"

ಇದ್ಯಾವ ಸೀಮೆ ತುಲಾಭಾರ, ದೇವರು ಒಪ್ಪಲ್ಲ ಅಂತ ಪೂಜಾರಿ ಕೂಗಾಡಿದ. ಕೆಂಪಾಜಮ್ಮ ಮಗನನ್ನು ನೋಡಿದಳು. ಎಲ್ಲಿತ್ತೋ ಅಷ್ಟು ದಿನದ ರೋಷ, ಪೂಜಾರಿ ಎದುರಿಗೆ ಹೋಗಿ ನಿಂತಳು.

"ಯಾಕೆ ಒಪ್ಪಲ್ಲ? ಮಗ ಬದುಕಲಿ ಅಂತ ಕೇಳಿದ್ದೆ. ನೋಡಿ ಸ್ವಾಮಿ, ಎಷ್ಟು ಬದುಕಿದ್ದಾನೆ! ನಾನು ದುಡಿದ ಬೆಲ್ಲ ಅಷ್ಟೂ ಅಲ್ಲೇ ಇದೆ, ಒಂದು ಚೂರೂ ಮುಚ್ಚಿಟ್ಟಿಲ್ಲ. ಸಾಲದು ಅಂದರೆ ನಿಮ್ಮ ಹನುಮಂತರಾಯನೇ ಬಂದು ನನ್ನ ಹತ್ತಿರ ಹೇಳಲಿ."

ಪೂಜಾರಿ ಗರ್ಭಗುಡಿ ಕಡೆ ನೋಡಿದ. ಒಳಗಿಂದ ಯಾರೂ ಬರಲಿಲ್ಲ. ಅಷ್ಟರಲ್ಲಿ ಮೇಲೆ ತೂಗಾಡ್ತಿದ್ದ ಖಾಲಿ ತಟ್ಟೆ ತೋರಿಸಿ, ಸಣ್ತಮ್ಮ ಪೂಜಾರಿಯ ಪಂಚೆ ಜಗ್ಗಿದ.

"ಸ್ವಾಮಿ, ಈಗ ಅದು ಒದ್ದಾಡ್ತಿದೆ. ನೀವು ಸ್ವಲ್ಪ ಹೋಗಿ ಮೈಭಾರ ಹಾಕಿ."