ನರಿಯಣ್ಣನ ಬೆನ್ನು ಬಿಡದ ಡ್ರೋನ್

ಒಂದು ಕಾಡಿನಲ್ಲಿ ಉದ್ದನೆಯ ಜಾರುಬಂಡೆಯೊಂದಿತ್ತು. ಅಬ್ಬಬ್ಬಾ, ಮೇಲೆ ನಿಂತು ನೋಡಿದರೇ ಎದೆ ಝಲ್ಲೆನ್ನಬೇಕು! ಬಂಡೆಯ ಬುಡದಲ್ಲಿ ಮೀನು ತುಂಬಿದ ಮಡುವಿತ್ತು. ಬೇಸಿಗೆ ಬರುವ ಮುಂಚೆ ಅಲ್ಲಿ ಜಾರುವ ಪಂದ್ಯ ನಡೆಯುತ್ತಿತ್ತು. ಮೊದಲು ಮಡುವಿಗೆ ಬಿದ್ದವರಿಗೆ ಬೇಸಿಗೆಯಿಡೀ ಮಡುವಿನ ಮೀನು.

ಆ ವರ್ಷ ಪಂದ್ಯಕ್ಕೆ ನಿಂತವರು ಇಬ್ಬರೇ. ನೀರುನಾಯಿ ಮಿಂಚಿಗೆ ಎಳೇ ಮರಿಗಳಿದ್ದವು. ಬೇರೆ ಹಳ್ಳಗಳೆಲ್ಲ ಬತ್ತಿದ್ದವು. ಅವಳು ಸೋತರೆ ಮರಿಗಳಿಗೆ ಉಪವಾಸವೇ ಗತಿ. ನರಿಯಣ್ಣನಿಗೋ, ಬರೀ ನಾಲಿಗೆ ಚಪಲ!

ತೀರ್ಪು ಹೇಳುವವನು ಆನೆಜ್ಜ. ಪಾಪ, ಮಂಡಿನೋವು, ಕೆಳಗಿಳಿಯಲಾರ. ಬಂಡೆಯ ಮೇಲಿಂದ ನೋಡಿದರೆ ಮರಗಳ ಮರೆಯಲ್ಲಿ ಮಡು ಕಾಣದು.

"ಚಿಂತೆ ಬಿಡು ಆನೆಜ್ಜ!" ಎಂದ ನರಿ. ಚಾರಣಿಗರು ಬಿಟ್ಟುಹೋದ ಡ್ರೋನ್ ಅವನಿಗೆ ಸಿಕ್ಕಿತ್ತು. "ಈ ಪಟ್ಟಿ ಕಟ್ಟಿಕೊಂಡವರ ಹಿಂದೆ ಇದು ತಾನಾಗೇ ಹಾರುತ್ತೆ. ಚಿತ್ರ ತೆಗೆಯುತ್ತೆ. ನೀನು ಇಲ್ಲೇ ಕೂತು ಪರದೆಯಲ್ಲಿ ನೋಡು."

"ನನಗೆ ಪಟ್ಟಿ?" ಎಂದಳು ಮಿಂಚಿ.

"ಇರೋದು ಒಂದೇ ತಂಗೀ" ಎಂದು ನರಿ ಅದನ್ನು ತನ್ನ ಕಾಲಿಗೇ ಬಿಗಿದ. ಚಿತ್ರದಲ್ಲಿ ಅವಳೇ ಇರದಿದ್ದರೆ ಗೆದ್ದಳೆನ್ನುವವರು ಯಾರು ಎಂದು ಒಳಗೊಳಗೇ ನಕ್ಕ.

ಆನೆಜ್ಜ ಘೀಳಿಟ್ಟ. ಮಿಂಚಿ ಹೊಟ್ಟೆಯ ಮೇಲೆ ಮಲಗಿ ಸರ್ರನೆ ಜಾರಿ ಮಾಯವಾದಳು! ನರಿಯೂ ಜಾರಿದ. ಅರ್ಧ ದಾರಿಯಲ್ಲೇ, "ಅಯ್ಯಯ್ಯೋ, ಸತ್ತೆ!" ಎಂದು ಪೊದೆಯೊಂದನ್ನು ತಬ್ಬಿಕೊಂಡ. ಡ್ರೋನ್ ಗುಂಯ್ ಎನ್ನುತ್ತ ಅವನ ನೆತ್ತಿಯ ಮೇಲೆಯೇ ನಿಂತಿತು. ಆಮೇಲೆ ಪೊದೆ ಕಿತ್ತು ಬಂತು. ನರಿ ಉರುಳಿ ಉರುಳಿ ದುಡುಂ ಎಂದು ಮಡುವಿಗೆ ಬಿದ್ದ.

ಇಬ್ಬರೂ ಮೇಲೆ ಹತ್ತಿ ಬಂದರು. "ನಾನೇ ಗೆದ್ದೆ!" ಎಂದ ನರಿ ಏದುಸಿರು ಬಿಡುತ್ತ. "ಚಿತ್ರದಲ್ಲಿ ಅವಳ ಬಾಲವಾದರೂ ಕಂಡಿತಾ?"

ಮಿಂಚಿಯ ಕಣ್ಣು ತುಂಬಿ ಬಂತು.

ಆನೆಜ್ಜ ಚಿತ್ರದ ಕೊನೆಯನ್ನು ಮತ್ತೊಮ್ಮೆ ಹಾಕಿದ. ನರಿ ಇನ್ನೂ ಗಾಳಿಯಲ್ಲಿದ್ದ. ಅವನ ಕೆಳಗೆ ಮಡುವಿನ ಅಂಚಿನಲ್ಲಿ ಮಿಂಚಿ ಕುಳಿತಿದ್ದಳು.

"ಇಗೋ ಬಾಲ, ಇಗೋ ಮೀಸೆ, ಇಗೋ ಅರ್ಧ ತಿಂದ ಮೀನು!" ಎಂದು ಆನೆಜ್ಜ ಗಹಗಹಿಸಿದ. "ನೀನು ಬೀಳೋ ಮೊದಲೇ ಊಟಕ್ಕೆ ಕೂತಿದ್ದಾಳಲ್ಲೋ! ಮಡು ಮಿಂಚಿಯದ್ದೇ."

ಮಿಂಚಿ ಕುಣಿದಾಡಿಬಿಟ್ಟಳು! ನರಿ ನಾಚಿ ಪೊದೆಯೊಳಗೆ ಓಡಿದ. ಕಾಲಿನ ಪಟ್ಟಿ ಬಿಚ್ಚಲು ಮರೆತಿದ್ದ. ಡ್ರೋನ್ ಗುಂಯ್ ಎನ್ನುತ್ತ ಅಲ್ಲಿಗೂ ಹೋಯಿತು.

ನೀತಿ: ಮೋಸಕ್ಕೆಂದು ತಂದ ಸಾಕ್ಷಿ ಮೋಸಗಾರನನ್ನೇ ಹಿಡಿದುಕೊಡುತ್ತದೆ.