ಒಬ್ಬನೇ ಕೂರುವ ವಿಮಾನ

ಶಿಷ್ಯ ಕೇಳಿದ: "ಗುರುಗಳೇ, ನಾನು ಬರೆಯುತ್ತಿರುವ ವ್ಯಾಖ್ಯಾನದಲ್ಲಿ ಜೊತೆಯವನೊಬ್ಬ ದಿನಕ್ಕೊಂದು ತಪ್ಪು ತೋರಿಸುತ್ತಾನೆ. ಅವನ ಮನಸ್ಸು ಒಳ್ಳೆಯದಲ್ಲವೆಂದು ನನಗೆ ಗೊತ್ತು. ಅಂಥವನ ಮಾತಿಗೆ ಕಿವಿಗೊಡಬೇಕೆ?"

ಗುರುಗಳು ಹೇಳಿದರು:

ಒಬ್ಬ ಮೇಷ್ಟರಿದ್ದರು. ನಿವೃತ್ತರಾದ ಮೇಲೆ ಸುಮ್ಮನೆ ಕೂರಲಾರದೆ ತಾವೇ ಒಂದು ವಿಮಾನ ಕಟ್ಟತೊಡಗಿದರು. ಒಬ್ಬನೇ ಕೂರುವಂಥದ್ದು, ನಾಲ್ಕು ಜನ ಹಿಡಿದರೆ ಎತ್ತಬಹುದಾದಷ್ಟು ಹಗುರ. ನಕ್ಷೆ ಅವರದೇ. ರೆಕ್ಕೆಯ ಮರಗೆಲಸಕ್ಕೆ ಒಬ್ಬ ಬಡಗಿಯನ್ನು ಕರೆದರು.

ಬಡಗಿಯ ಕೈ ಚೆನ್ನಾಗಿತ್ತು. ಕಣ್ಣು ಮಾತ್ರ ಮೇಷ್ಟರಿಗೆ ಹಿಡಿಸಲಿಲ್ಲ. ಕೆಲಸ ಮುಗಿದರೂ ಅವನು ನಕ್ಷೆಯ ಮುಂದೆಯೇ ನಿಂತಿರುತ್ತಿದ್ದ. ಒಂದು ದಿನ ರೆಕ್ಕೆಯನ್ನು ಗೇಣು ಹಾಕಿ ಅಳೆಯುತ್ತಿದ್ದ. ಅಳತೆ ಬರೆದುಕೊಟ್ಟವರು ಮೇಷ್ಟರು, ಮತ್ತೆ ಅಳೆಯುವುದೇಕೆ? ಅಂದಿನಿಂದ ಬಡಗಿ ಬಿಗಿದ ಪ್ರತಿ ತಿರುಪನ್ನೂ ಅವರು ಬಿಚ್ಚಿ ಮತ್ತೆ ಬಿಗಿದರು. ರೆಕ್ಕೆ ಮುಗಿದ ದಿನವೇ ಅವನನ್ನು ಕಳಿಸಿ, ಶೆಡ್ಡಿಗೆ ಬೀಗ ಜಡಿದು, ರೆಕ್ಕೆಯಂಚಿನ ಪಟ್ಟಿಗಳನ್ನು ಆಡಿಸುವ ತಂತಿಗಳನ್ನೆಲ್ಲ ತಾವೇ ಎಳೆದು ಕಟ್ಟಿದರು.

ಇಂಥ ವಿಮಾನ ಕಟ್ಟುವವರಲ್ಲಿ ಒಂದು ರೂಢಿಯುಂಟು. ಹಾರುವ ಮೊದಲು ಒಬ್ಬ ಒಳಗೆ ಕೂತು, ವಿಮಾನವನ್ನು ಎಡಬಲಕ್ಕೆ ವಾಲಿಸುವ ಕೋಲು ಆಡಿಸುತ್ತಾನೆ. ಇನ್ನೊಬ್ಬ ಹೊರಗೆ ನಿಂತು, ರೆಕ್ಕೆಯಂಚಿನ ಪಟ್ಟಿ ಮೇಲೆದ್ದಿತೋ ಕೆಳಗಿಳಿಯಿತೋ ಕೂಗಿ ಹೇಳುತ್ತಾನೆ. ಆ ಇನ್ನೊಬ್ಬ ಯಾರಾಗಬೇಕು? ಮೇಷ್ಟರು ಊರವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದರು. ಒಬ್ಬರ ಮೇಲೂ ನಂಬಿಕೆ ಹುಟ್ಟಲಿಲ್ಲ. ಒಬ್ಬರೇ ಕೂತು ಕೋಲು ಆಡಿಸಿದರು. ಎಲ್ಲೂ ತಡೆಯಲಿಲ್ಲ, ನುಣ್ಣಗೆ ಆಡಿತು. ಸಾಕೆಂದುಕೊಂಡರು.

ಒಣಗಿದ ಕೆರೆಯಂಗಳಕ್ಕೆ ವಿಮಾನ ತಂದರು. ಇನ್ನೇನು ಎಂಜಿನ್ ಹಚ್ಚಬೇಕು, ಕರೆಯದೆ ಬಂದ ಬಡಗಿ ಎದುರಿಗೆ ನಿಂತ.

"ಹಚ್ಚಬೇಡಿ ಮೇಷ್ಟ್ರೇ. ತಂತಿ ಅದಲುಬದಲಾಗಿದೆ."

"ನಿನಗ್ಹೇಗಯ್ಯಾ ಗೊತ್ತು? ಬಾಗಿಲಿಗೆ ಬೀಗ ಹಾಕಿದ್ದೆ!"

"ಕಿಟಕಿಗೆ ಹಾಕಿರಲಿಲ್ವಲ್ಲ."

"ಕದ್ದು ನೋಡೋದಲ್ದೆ ಬುದ್ಧಿ ಬೇರೆ ಹೇಳ್ತೀಯಾ! ನನಗಿಂತ ಮೊದಲು ನೀನು ಹಾರ್ಬೇಕು, ಅಷ್ಟೇ ತಾನೆ?"

"ಹಾಗೇ ಅಂತ ಇಟ್ಕೊಳ್ಳಿ. ಕೋಲು ಎಡಕ್ಕೆ ಒತ್ತಿ. ಎಡಗಡೆ ಪಟ್ಟಿ ಮೇಲೇಳಬೇಕಲ್ವ? ನೀವೇ ನೋಡಿ."

ಬೈದುಕೊಂಡೇ ಮೇಷ್ಟರು ಒತ್ತಿದರು. ಕತ್ತು ಹೊರಳಿಸಿ ನೋಡಿದರು. ಪಟ್ಟಿ ಕೆಳಗಿಳಿದಿತ್ತು. ನೆಲ ಬಿಟ್ಟ ಮೇಲೆ ಎಡಕ್ಕೆಂದು ಒತ್ತಿದ್ದರೆ ವಿಮಾನ ಬಲಕ್ಕೆ ಮಗುಚಿ ಬೀಳುತ್ತಿತ್ತು. ಅವರು ಮೆಲ್ಲನೆ ಕೆಳಗಿಳಿದರು. ಆಗ ಬಡಗಿಯ ಜೇಬಿನಲ್ಲಿ ಮಡಿಸಿಟ್ಟ ಕಾಗದವೊಂದು ಕಂಡಿತು. ಕಿತ್ತುಕೊಂಡು ಬಿಡಿಸಿದರು. ಅವರ ನಕ್ಷೆಯೇ, ಗೆರೆಗೆ ಗೆರೆ.

ಗುರುಗಳು ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. "ನೋಡಿದಿರಾ ಗುರುಗಳೇ! ಮೇಷ್ಟರ ಅನುಮಾನ ಸರಿಯಾಗಿಯೇ ಇತ್ತು. ಅವನು ಕಳ್ಳನೇ!"

"ಕಳ್ಳನೇ ಇರಲಪ್ಪ, ಪಟ್ಟಿ ಮೇಲೆದ್ದಿತೋ ಕೆಳಗಿಳಿಯಿತೋ?"